ಕರುಪ್ಪಯ್ಯ ಮಾವನ ಎಡೆ

ಮಲೇಷ್ಯಾದ ನಿಲಾಯ್‌ನಲ್ಲಿ ನಮ್ಮ ಮನೆಸಾಲಿನ ಹಿಂದೆ ಇನ್ನೂ ತಾಳೆಎಣ್ಣೆಯ ತೋಟವಿದ್ದ ಕಾಲವದು. ಈಗ ಅಲ್ಲಿ ಕಾರು ತೊಳೆಯುವ ಅಂಗಡಿ, ಹಲ್ಲಿನ ಆಸ್ಪತ್ರೆ, ಬಬಲ್ ಟೀ ಮಾರುವ ಮಳಿಗೆ ಎಲ್ಲ ಬಂದಿವೆ. ಆಗ ಶಾಲೆಯ ಚೀಲ ಎಸೆದು ಹೊರಗೆ ಓಡಿದರೆ ಆಡಲು ಸಿಗುತ್ತಿದ್ದದ್ದು ಎರಡೇ ಜಾಗ. ಒಂದು, ಬಿಸಿಲಿಗೆ ಕಾದು ಚಪ್ಪಲಿ ಅಂಟಿಕೊಳ್ಳುತ್ತಿದ್ದ ರಸ್ತೆ. ಇನ್ನೊಂದು, ತೋಟದಂಚಿನ ದಿಬ್ಬದ ಮೇಲಿದ್ದ ಸ್ಮಶಾನ. ಸ್ಮಶಾನದಲ್ಲಿ ತಂಪಾದ ನೆರಳಿತ್ತು, ರಂಬುಟಾನ್ ಮರವಿತ್ತು, ಕಣ್ಣಾಮುಚ್ಚಾಲೆಗೆ ಬೇಕಾದಷ್ಟು ಮರೆ ಇತ್ತು. ಅಡ್ಡಿ ಎಂದು ಇದ್ದದ್ದು ನಮ್ಮ ಅಮ್ಮ ಒಬ್ಬಳೇ.

ಅಮ್ಮ ಉಡುಪಿಯಿಂದ ಮಲೇಷ್ಯಾಕ್ಕೆ ಬರುವಾಗ ಎರಡು ಪೆಟ್ಟಿಗೆ ಸಾಮಾನಿನ ಜೊತೆಗೆ ತನ್ನ ಮಡಿಮೈಲಿಗೆಯನ್ನೂ ಒಂದು ಚೂರು ಮುಕ್ಕಾಗದಂತೆ ತಂದಿದ್ದಳು. ಸ್ಮಶಾನಕ್ಕೆ ಹೋದವರು ತಲೆಗೆ ಮಿಂದೇ ಒಳಗೆ ಬರಬೇಕು. ಅದಕ್ಕಾಗಿ ಕಾರು ನಿಲ್ಲಿಸುವ ಜಾಗದಲ್ಲೇ ಹಸಿರು ಪೈಪೊಂದನ್ನು ಸಿದ್ಧವಾಗಿ ಇಟ್ಟಿದ್ದಳು. ನಾನೂ ತಂಗಿ ಅದಿತಿಯೂ ಸಂಜೆಗೊಮ್ಮೆ ಅದರಡಿ ಬಟ್ಟೆ ಸಮೇತ ನಿಲ್ಲುತ್ತಿದ್ದೆವು. ಅಪ್ಪ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಿದ್ದರು. ಹಗಲೆಲ್ಲ ಹೆಣಗಳ ನಡುವೆ ನಿಂತು ಬರುವ ಅವರಿಗೂ ಇದೇ ಕಾನೂನು. ಸೊಂಟಕ್ಕೆ ಬೈರಾಸು ಸುತ್ತಿಕೊಂಡು ಕಾರಿನ ಪಕ್ಕ ನಿಂತು ಅವರು ಮೀಯುವಾಗ ಪಕ್ಕದ ಮನೆಯ ಲಿಮ್ ಅಂಕಲ್ ತಮ್ಮ ಗಿಡಗಳಿಗೆ ನೀರು ಹಾಕುತ್ತಿರುತ್ತಿದ್ದರು. "ಡಾಕ್ಟರ್, ವೆರಿ ಹಾಟ್ ಟುಡೇ, ಹಾ?" ಎಂದು ಅವರು ಕೇಳುವುದು, "ವೆರಿ ಹಾಟ್" ಎಂದು ಅಪ್ಪ ಒಪ್ಪಿಕೊಳ್ಳುವುದು, ಮಳೆ ಸುರಿಯುತ್ತಿದ್ದ ದಿನವೂ ತಪ್ಪುತ್ತಿರಲಿಲ್ಲ.

ಆ ದಿಬ್ಬದ ಒಡತಿಯೆಂದರೆ ರಾಮಾಯಿ ಪಾಟ್ಟಿ. ಕಾಗದದ ಪ್ರಕಾರ ಜಾಗ ಯಾರದ್ದೋ ಗೊತ್ತಿಲ್ಲ, ಪೊರಕೆಯ ಪ್ರಕಾರ ಅವಳದ್ದು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಮಗನ ಜೊತೆ ಇದ್ದ ತಮಿಳು ಅಜ್ಜಿ ಆಕೆ. ಅವಳ ಅಜ್ಜನ ಕಾಲದವರೇ ಹಡಗಿನಲ್ಲಿ ಬಂದು ಇಲ್ಲಿನ ಕಾಡು ಕಡಿದು ರಬ್ಬರು ನೆಟ್ಟವರು. ಆಮೇಲೆ ರಬ್ಬರು ಹೋಗಿ ತಾಳೆ ಬಂತು, ಕೂಲಿಸಾಲಿನ ಮನೆಗಳು ಹೋಗಿ ನಮ್ಮಂಥವರ ಮನೆಗಳು ಬಂದವು. ಎಸ್ಟೇಟಿನದ್ದು ಎಂದು ಉಳಿದದ್ದು ಈ ಸ್ಮಶಾನ ಮಾತ್ರ. ಪಾಟ್ಟಿ ಮಾತಾಡುತ್ತಿದ್ದದ್ದು ತಮಿಳು, ಅಮ್ಮ ಉತ್ತರ ಕೊಡುತ್ತಿದ್ದದ್ದು ಉಡುಪಿಯ ಕನ್ನಡ. ಅಷ್ಟು ವರ್ಷಗಳಲ್ಲಿ ಇಬ್ಬರಿಗೂ ಒಂದೇ ಒಂದು ಸಲವೂ ಅರ್ಥವಾಗದೆ ಹೋದದ್ದನ್ನು ನಾನು ಕಾಣೆ.

ಕೈಯಲ್ಲಿ ಪೊರಕೆ ಬಂದ ಮೇಲೆಯೇ ಪಾಟ್ಟಿಗೆ ಇತಿಹಾಸ ನೆನಪಾಗುತ್ತಿದ್ದದ್ದು. ಒಂದೊಂದು ಗೋರಿ ಗುಡಿಸುತ್ತಾ ಒಬ್ಬೊಬ್ಬರ ಚಾಡಿ ಹೇಳುತ್ತಿದ್ದಳು. ನೀಲಿ ಬಣ್ಣ ಬಳಿದ ದೊಡ್ಡದು ಕಂಗಾಣಿಯದ್ದು. ಆಳುಗಳ ಮೇಲೆ ಮೇಸ್ತ್ರಿಯಾಗಿದ್ದ ಅವನು ಸತ್ತ ಮೇಲೂ ಕಾಲು ಚಾಚಲು ಜಾಸ್ತಿ ಜಾಗ ಹಿಡಿದಿದ್ದಾನೆ ಎನ್ನುವುದು ಪಾಟ್ಟಿಯ ಸಿಟ್ಟು. ಅದರಾಚೆಯದ್ದು ಸದಾ ಜಗಳವಾಡುತ್ತಿದ್ದ ವಾರಗಿತ್ತಿಯರದ್ದು, ಬೇಕೆಂದೇ ಅಕ್ಕಪಕ್ಕ ಮಲಗಿಸಿದ್ದಾರೆ. ಇಳಿಜಾರಿನ ತುದಿಯಲ್ಲಿ ಪಾಟ್ಟಿಯ ಗಂಡ, ಅವನ ಪಕ್ಕದಲ್ಲಿ ಅವಳಿಗೆಂದು ಬಿಟ್ಟ ಖಾಲಿ ಜಾಗ. ಅದನ್ನೂ ದಿನಾ ಗುಡಿಸುತ್ತಿದ್ದಳು.

ಎಲ್ಲಕ್ಕಿಂತ ಹಳೆಯದು ದಿಬ್ಬದ ನಡುವೆ ಇದ್ದ ಕರುಪ್ಪಯ್ಯನ ಗೋರಿ. ಗೋರಿಯೆಂದರೆ ಏನು, ಒಂದು ಮೊಣಕಾಲೆತ್ತರದ ಕಲ್ಲು. ನಮ್ಮ ಕಣ್ಣಾಮುಚ್ಚಾಲೆಯಲ್ಲಿ ಅದನ್ನು ಮುಟ್ಟಿದವರು ಪಾರು. ಕಾಡು ಕಡಿಯಲು ಬಂದವರಲ್ಲಿ ಮೊದಲು ಸತ್ತವನು ಅವನೇ. ಬೇರೆಲ್ಲೂ ಅಗೆಯಲು ಜಾಗವಿರದೆ, ಮರ ಕಡಿದು ಬೋಳಾಗಿದ್ದ ಈ ದಿಬ್ಬಕ್ಕೆ ಅವನನ್ನು ತಂದರಂತೆ. ಅವನು ಒಬ್ಬನೇ ಇದ್ದಾನಲ್ಲ ಎಂದು ಮುಂದಿನವರನ್ನೂ ಇಲ್ಲಿಗೇ ತಂದರಂತೆ. ಹೆಂಡತಿ ಮಕ್ಕಳು ಇಲ್ಲದ ಮನುಷ್ಯ. ಅವನು ಸತ್ತದ್ದು ಹೇಗೆ ಎಂದು ಕೇಳಿದರೆ ಪಾಟ್ಟಿ ಒಂದು ದಿನ ಹುಲಿ ಎನ್ನುತ್ತಿದ್ದಳು, ಇನ್ನೊಂದು ದಿನ ಚಳಿಜ್ವರ ಎನ್ನುತ್ತಿದ್ದಳು. ಮೂಡು ಚೆನ್ನಾಗಿದ್ದರೆ ತಲೆಯ ಮೇಲೆ ಡುರಿಯನ್, ಹಲಸಿನಂಥ ಮುಳ್ಳಿನ ಹಣ್ಣು, ಬಿತ್ತು ಎನ್ನುತ್ತಿದ್ದಳು.

"ಪಾಟ್ಟಿ, ನಿನ್ನೆ ಹುಲಿ ಅಂದ್ರಲ್ಲ?"

"ಹುಲಿ ಓಡಿಸಿಕೊಂಡು ಬಂತು ಕಂದಾ. ಮರದಡಿ ನಿಂತ. ಡುರಿಯನ್ ಬಿತ್ತು."

"ಮತ್ತೆ ಜ್ವರ?"

"ತಲೆಗೆ ಡುರಿಯನ್ ಬಿದ್ದರೆ ಜ್ವರ ಬರುವುದಿಲ್ಲವಾ?"

ನನ್ನ ನಾಲ್ಕನೇ ಕ್ಲಾಸಿನ ವರ್ಷ, ದೀಪಾವಳಿ ಹತ್ತಿರ ಬಂದಾಗ, ದಿಬ್ಬದ ಬುಡದಲ್ಲಿ ಒಂದು ಬೋರ್ಡು ಎದ್ದಿತು. ತೋಟ ಕೊಂಡಿದ್ದ ಕಂಪನಿ ಅಲ್ಲಿ ಇನ್ನಷ್ಟು ಮನೆ ಕಟ್ಟುವುದಿತ್ತು. ನೋಡಿಕೊಳ್ಳುವ ಸಂಬಂಧಿಕರು ಇರುವ ಗೋರಿಗಳು ಅಲ್ಲೇ ಉಳಿಯುತ್ತವೆ, ದಿಕ್ಕಿಲ್ಲದವನ್ನು ಬೇರೆ ಕಡೆ ಸಾಗಿಸಿ ದಿಬ್ಬದ ನಡುವೆ ರಸ್ತೆ ತೆಗೆಯುತ್ತಾರೆ ಎಂದು ಬರೆದಿತ್ತು. ತಮಿಳರಲ್ಲಿ ದೀಪಾವಳಿಗೆ ಮೊದಲು ಒಂದು ದಿನ ಗೋರಿಗಳನ್ನು ತೊಳೆದು, ಸತ್ತವರಿಗೆ ಇಷ್ಟವಾದದ್ದನ್ನು ಬಡಿಸುವ ಪದ್ಧತಿಯಿದೆ. ಅದು ಹಬ್ಬದ ಹಿಂದಿನ ಭಾನುವಾರ. ಅಂದೇ ಕಂಪನಿಯವನು ಬಂದು ಯಾವ ಗೋರಿಯ ಬಳಿ ಯಾರು ನಿಂತಿದ್ದಾರೆ ಎಂದು ನೋಡಿ ಹೋಗುವುದೆಂದಾಯಿತು.

ದಿಕ್ಕಿಲ್ಲದ ಗೋರಿಗಳೆಲ್ಲ ಇದ್ದದ್ದು ದಿಬ್ಬದ ನಟ್ಟನಡುವೆ, ಕರುಪ್ಪಯ್ಯನ ಸುತ್ತ. ಅಲ್ಲಿ ರಸ್ತೆ ಬಂದರೆ ಇಳಿಜಾರಿನ ತುದಿಯೂ ಜರಿಯುತ್ತದೆ. ಪಾಟ್ಟಿಯ ಗಂಡನೂ ಇಲ್ಲ, ಅವಳ ಖಾಲಿ ಜಾಗವೂ ಇಲ್ಲ. ಆ ಸಂಜೆ ಪಾಟ್ಟಿ ಗುಡಿಸಲಿಲ್ಲ. ಕರುಪ್ಪಯ್ಯನ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ಮೊದಲ ಸಲ ನೋಡಿದ ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಅವಳು ಮನೆಮನೆಗೆ ದಿಕ್ಕಿಲ್ಲದ ಹಿರಿಯರನ್ನು ಹಂಚಲು ಹೊರಟಳು. ಲಿಮ್ ಅಂಕಲ್‌ಗೆ ಚೆಲ್ಲಮ್ಮ ಎಂಬ ಅಜ್ಜಿ ಸಿಕ್ಕಿದಳು. ಅವರು "ಕ್ಯಾನ್, ಕ್ಯಾನ್" ಎಂದು ಒಪ್ಪಿ, ಅವಳಿಗೆ ಹಂದಿಮಾಂಸ ಆದೀತೇ ಎಂದು ಮಾತ್ರ ವಿಚಾರಿಸಿದರಂತೆ. ನಮ್ಮ ಮನೆಗೆ ಬಂದದ್ದು ಸಾಕ್ಷಾತ್ ಕರುಪ್ಪಯ್ಯ.

"ಡಾಕ್ಟರಮ್ಮಾ, ಒಂದು ಗಂಟೆ ನಿಂತರೆ ಸಾಕು. ಒಂದು ತೆಂಗಿನಕಾಯಿ, ನಾಲ್ಕು ಬಾಳೆಹಣ್ಣು, ಊದುಬತ್ತಿ. ಅವನು ಬಂದಾಗ ನಮ್ಮ ಹಿರಿಯರು ಅಂತ ಹೇಳಿ. ಅಷ್ಟೇ."

ಅಮ್ಮ ಬಾಗಿಲಲ್ಲೇ ನಿಂತಳು. ಸ್ಮಶಾನದೊಳಗೆ ಕಾಲಿಟ್ಟವಳೇ ಅಲ್ಲ ಅವಳು. ಪಾಟ್ಟಿ ಅವಳ ಕೈ ಹಿಡಿದು ದಿಬ್ಬಕ್ಕೆ ಕರೆದುಕೊಂಡು ಹೋದಳು. ಕರುಪ್ಪಯ್ಯನ ಹಿಂದೆ ಹುಲ್ಲಿನಲ್ಲಿ ಚಿಕ್ಕಚಿಕ್ಕ ದಿಣ್ಣೆಗಳ ಒಂದು ಸಾಲಿತ್ತು. ಜ್ವರದ ವರ್ಷ ಹೋದ ಮಕ್ಕಳು, ಹೆಸರೂ ಇಟ್ಟಿರಲಿಲ್ಲ ಕೆಲವಕ್ಕೆ ಎಂದಳು ಪಾಟ್ಟಿ. ಅಮ್ಮ ಬಗ್ಗಿ ಒಂದು ದಿಣ್ಣೆಯ ಮೇಲಿನ ಒಣಗರಿಯನ್ನು ಎತ್ತಿ ಬದಿಗಿಟ್ಟಳು. ಆ ದಿನ ಪೈಪಿನಡಿ ನಿಲ್ಲುವ ಸರದಿ ಅವಳದ್ದೂ ಆಯಿತು.

ಮಿಂದು ಬಂದು ಅವಳು ಘೋಷಿಸಿದಳು, "ಬಾಳೆಹಣ್ಣು ಇಟ್ಟು ನಾಟಕ ಮಾಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಹಿರಿಯರು ಅಂತ ಹೇಳಿದ ಮೇಲೆ ಹಿರಿಯರೇ. ಸರಿಯಾಗಿ ಎಡೆ ಇಡ್ಬೇಕು."

"ಮಾರಾಯ್ತಿ, ಅವ್ನು ಯಾರೋ ಎಂಥದೋ," ಎಂದರು ಅಪ್ಪ.

"ನನ್ನ ಮಾವ."

ಅಪ್ಪನ ತಂದೆ ಅವರ ಮದುವೆಗೆ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಮಾವನಿಗೆ ಒಂದು ತುತ್ತು ಬಡಿಸುವ ಯೋಗ ನನಗಿರಲಿಲ್ಲ ಎಂದು ಅಮ್ಮ ಆಗಾಗ ಹೇಳುವುದಿತ್ತು. ಈಗ ಹುಡುಕಿಕೊಂಡು ಬಂದ ಮಾವನನ್ನು ಬಾಳೆಹಣ್ಣಿನಲ್ಲಿ ಮುಗಿಸುವ ಹೆಂಗಸಲ್ಲ ಅವಳು.

ಭಾನುವಾರ ಬೆಳಕು ಹರಿಯುವ ಮೊದಲೇ ಅಡುಗೆ ಶುರುವಾಯಿತು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೆಣಸಿನಕಾಯಿಯ ಬದಲು ಕಾಳುಮೆಣಸು. ಉದ್ದಿನ ವಡೆ, ಹಾಗಲಕಾಯಿ ಪಲ್ಯ, ಬಾಳೆಕಾಯಿ ಪಲ್ಯ, ಹೆಸರುಬೇಳೆ ಪಾಯಸ, ಎಳ್ಳುಂಡೆ. ವಡೆ ಕರಿಯುವ ವಾಸನೆಗೆ ನಾನೂ ಅದಿತಿಯೂ ಅಡುಗೆಮನೆಯ ಬಾಗಿಲಲ್ಲಿ ನಾಯಿಮರಿಗಳ ಹಾಗೆ ಕೂತಿದ್ದೆವು. ನಮಗೆ ಒಂದು ಚೂರೂ ಸಿಗಲಿಲ್ಲ. ಎಡೆ ಇಟ್ಟು, ಕಾಗೆ ಮುಟ್ಟಿ, ಆಮೇಲೆ ಮನೆಯವರು.

ದಿಬ್ಬದಲ್ಲಿ ಜಾತ್ರೆಯೇ ನೆರೆದಿತ್ತು. ಕರ್ಪೂರ, ಸಾಂಬ್ರಾಣಿ, ಮಟನ್ ಕರಿ, ಅದೆಲ್ಲದರ ಮೇಲೆ ದೂರದ ಎಣ್ಣೆ ಕಾರ್ಖಾನೆಯ ಹುಳಿ ವಾಸನೆ. ಕಂಗಾಣಿಗೆ ಬಿಯರ್ ಬಂದಿತ್ತು. ಯಾರದೋ ಅಜ್ಜನ ಮುಂದೆ ಊದುಬತ್ತಿಯ ಜೊತೆ ಸಿಗರೇಟೂ ಹೊಗೆಯಾಡುತ್ತಿತ್ತು. ಲಿಮ್ ಅಂಕಲ್ ಹಂದಿಯ ವಿಚಾರ ಕೈಬಿಟ್ಟು ಇಡೀ ಹುರಿದ ಕೋಳಿ ತಂದಿದ್ದರು. ತಮ್ಮ ಚೀನೀ ಜನರ ಪದ್ಧತಿಯಂತೆ ಚೆಲ್ಲಮ್ಮನಿಗಾಗಿ ಕಾಗದದ ನೋಟು, ಕಾಗದದ ಸೀರೆ, ಕಾಗದದ ಮೊಬೈಲು ಫೋನು ಸುಡುತ್ತಿದ್ದರು. ಇವರೆಲ್ಲರ ನಡುವೆ ಅಪ್ಪ ಬಿಳಿ ಪಂಚೆ ಉಟ್ಟು, ಬರಿಮೈಗೆ ಶಲ್ಯ ಹೊದ್ದು, ನಾಮ ಎಳೆದುಕೊಂಡು ಕರುಪ್ಪಯ್ಯನ ಪಕ್ಕ ನಿಂತರು. ಅಮ್ಮ ತಲೆಗೆ ಸೆರಗು ಎಳೆದುಕೊಂಡು ಬಾಳೆಎಲೆ ಹಾಸಿ ಬಡಿಸಿದಳು.

ಕಂಪನಿಯವನ ಹೆಸರು ಶೇಖರನ್. ಟೈ ಕಟ್ಟಿದ ತಮಿಳು ಹುಡುಗ, ಬಿಸಿಲಿಗೆ ಬೆವರಿ ಬಸವಳಿದಿದ್ದ. ನಮ್ಮ ಬಳಿ ಬಂದು ಅಪ್ಪನ ನಾಮವನ್ನೂ ಕರುಪ್ಪಯ್ಯನ ಕಲ್ಲನ್ನೂ ಒಮ್ಮೆ ನೋಡಿದ.

"ಇವರು ನಿಮಗೆ ಏನಾಗಬೇಕು?"

"ಹಿರಿಯರು," ಎಂದರು ಅಪ್ಪ, ಕಲಿತಂತೆ.

"ಮಾವ," ಎಂದಳು ಅಮ್ಮ, ಗಟ್ಟಿಯಾಗಿ.

ಕರುಪ್ಪಯ್ಯ ಸತ್ತು ನೂರು ವರ್ಷವಾದರೂ ಆಗಿರಬೇಕು. ಹಾಗಾದರೆ ಅವನ ಮಗನ ವಯಸ್ಸೆಷ್ಟು? ಶೇಖರನ್ ಅಪ್ಪನ ಕಪ್ಪು ಕೂದಲನ್ನೇ ನೋಡುತ್ತ ನಿಂತ. ಅಪ್ಪ ಶಲ್ಯವನ್ನು ತಲೆಯವರೆಗೆ ಎಳೆದುಕೊಂಡರು.

ಅಷ್ಟಕ್ಕೇ ಅವನು ಮುಂದಕ್ಕೆ ಹೋಗಿಬಿಡುತ್ತಿದ್ದನೋ ಏನೋ. ಅಮ್ಮ ಬಿಡಬೇಕಲ್ಲ. "ಬಂದವರು ಹಾಗೇ ಹೋಗ್ಬಾರ್ದು, ಪಾಯಸ ಕುಡಿದು ಹೋಗಿ. ಕಾಗೆ ಒಂದು ಮುಟ್ಲಿ," ಎಂದಳು. ಶೇಖರನ್‌ನ ಮುಖವೇ ಬದಲಾಯಿತು. ಅವನ ಅಮ್ಮನೂ ಪ್ರತಿ ಅಮಾವಾಸ್ಯೆ ಕಾಗೆಗೆ ಅನ್ನ ಇಡುವವಳಂತೆ. ಕಾಗೆ ಮುಟ್ಟದಿದ್ದರೆ ಸತ್ತವರು ಒಪ್ಪಲಿಲ್ಲವೆಂದೇ ಅರ್ಥ ಎಂದು ತಿಳಿದು ಬೆಳೆದವನು. ಅವನು ಟೈ ಸಡಿಲಿಸಿ ನಿಂತೇಬಿಟ್ಟ. ಬಾಳೆಹಣ್ಣು ಇಟ್ಟು ಸುಮ್ಮನಿದ್ದರೆ ಬರದಿದ್ದ ಪರೀಕ್ಷೆಯನ್ನು ಅಮ್ಮ ಕೈಯಾರೆ ಕರೆದು ಕೂರಿಸಿದ್ದಳು.

ಕಾಗೆಗಳಿಗೇನು ಬರವಿರಲಿಲ್ಲ. ರಂಬುಟಾನ್ ಮರದ ತುಂಬ ಅವೇ. ಆದರೆ ಅವು ಹುಟ್ಟಿದಂದಿನಿಂದ ಮಟನ್ ಕರಿ, ಒಣಮೀನು ತಿಂದು ಬೆಳೆದ ಸ್ಮಶಾನದ ಕಾಗೆಗಳು. ಒಂದು ಕಾಗೆ ಹಾರಿ ಬಂದು ನಮ್ಮ ಎಲೆಯ ಪಕ್ಕ ಕೂತಿತು. ಕತ್ತು ಓರೆ ಮಾಡಿ ಹಾಗಲಕಾಯಿ ಪಲ್ಯವನ್ನು ಈ ಕಣ್ಣಿನಿಂದ ನೋಡಿತು, ಆ ಕಣ್ಣಿನಿಂದ ನೋಡಿತು. ಆಮೇಲೆ ಹಾರಿ ನೇರವಾಗಿ ಚೆಲ್ಲಮ್ಮನ ಕೋಳಿಯ ಮೇಲೆ ಎರಗಿತು.

"ಅವರದ್ದು ಮುಟ್ಟಿತು!" ಅಮ್ಮನ ಗಂಟಲಿನಲ್ಲಿ ಹೊಟ್ಟೆಕಿಚ್ಚೂ ಇತ್ತು, ದುಃಖವೂ ಇತ್ತು.

ಶೇಖರನ್ ಲಿಮ್ ಅಂಕಲ್ ಕಡೆ ತಲೆಯಾಡಿಸಿ, "ಓಕೆ ಲಾ, ನಿಮ್ಮದು ಸರಿ," ಎಂದ. ಚೀನೀ ಮನುಷ್ಯ ತಮಿಳು ಅಜ್ಜಿಯ ಮೊಮ್ಮಗನೆಂದು ಕಾಗೆಯೇ ಸಾಕ್ಷಿ ಹೇಳಿದ ಮೇಲೆ ಅವನಾದರೂ ಏನು ಮಾಡಿಯಾನು?

ಅಪ್ಪ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮರದ ಬುಡಕ್ಕೆ ಹೋದರು. "ಕಾ... ಕಾ..." ಎಂದು ಕರೆದರು. ಕಾಗೆಗಳು ಒಂದು ಕೊಂಬೆ ಮೇಲೆ ಸರಿದವು. ಅಪ್ಪ ಪಂಚೆ ಎತ್ತಿ ಕಟ್ಟಿ ಇನ್ನೂ ಜೋರಾಗಿ ಕರೆದರು. ಅದೇ ಹೊತ್ತಿಗೆ ತೋಟದ ದಾರಿಯಲ್ಲಿ ಜಾಗಿಂಗ್ ಮಾಡುತ್ತಿದ್ದ ಅವರ ವಿದ್ಯಾರ್ಥಿನಿಯರಿಬ್ಬರು ಬಂದು ನಿಂತರು.

"ಗುಡ್ ಮಾರ್ನಿಂಗ್, ಸರ್."

"ಗುಡ್ ಮಾರ್ನಿಂಗ್," ಎಂದರು ಅಪ್ಪ ಎಲೆಯ ಹಿಂದಿನಿಂದ. ಸೋಮವಾರ ಕಾಲೇಜಿಗೆ ರಜೆ ಹಾಕಿದರು.

ಬಿಸಿಲೇರಿತು. ಪಾಯಸ ಕೆನೆಗಟ್ಟಿತು. ಉಳಿದವರೆಲ್ಲ ಚಾಪೆ ಹಾಸಿ ಊಟಕ್ಕೆ ಕೂತರು. "ಅಮ್ಮಾ, ಐ ಆ್ಯಮ್ ಸೋ ಹಂಗ್ರಿ ಲಾ," ಎಂದು ಅದಿತಿ ಅಳತೊಡಗಿದಳು. ಲಿಮ್ ಅಂಕಲ್ ಕೋಳಿಯ ಕಾಲು ಹಿಡಿದುಕೊಂಡೇ ಬಂದು, "ಡಾಕ್ಟರ್, ಯುವರ್ ಗ್ರ್ಯಾಂಡ್‌ಫಾದರ್ ನಾಟ್ ಹಂಗ್ರಿ ಆ?" ಎಂದು ವಿಚಾರಿಸಿದರು. ಶೇಖರನ್ ಗಡಿಯಾರ ನೋಡಿಕೊಂಡ. "ನೀವು ಒಳ್ಳೆಯವರು ಅಂತ ಕಾಣುತ್ತದೆ. ಆದರೆ ಇವರು ನಿಮ್ಮವರಲ್ಲ ಅನಿಸುತ್ತದೆ," ಎಂದು ಮೆಲ್ಲಗೆ ಹೇಳಿದ. ಪಾಟ್ಟಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

"ಡಾಕ್ಟರಮ್ಮಾ, ಅವನು ಕರುವಾಡು ಇಲ್ಲದೆ ಊಟ ಮಾಡಿದವನಲ್ಲ," ಎಂದಳು ಪಾಟ್ಟಿ. ಕರುವಾಡು ಎಂದರೆ ಒಣಮೀನು.

ಅಮ್ಮ ಕರುಪ್ಪಯ್ಯನ ಕಲ್ಲಿನ ಮುಂದೆ ಕೂತಳು. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಮಾವ," ಎಂದಳು, "ಮೀನು ಮುಟ್ಲಿಕ್ಕೆ ನನ್ನ ಕೈಯಿಂದ ಆಗುದಿಲ್ಲ. ಸಿಟ್ಟು ಬಂದ್ರೆ ಬರ್ಲಿ. ಆದ್ರೆ ನಾನು ಸುಳ್ಳಿಗೆ ಬಂದವಳಲ್ಲ. ನಾನಿರುವ ತನಕ ವರ್ಷಕ್ಕೊಮ್ಮೆ ನಿಮಗೆ ಎಡೆ ಇಡ್ತೇನೆ. ಆ ಮಕ್ಕಳಿಗೂ ಇಡ್ತೇನೆ. ನಾನು ಹೋದ ಮೇಲೆ ನನ್ನ ಮಕ್ಕಳು ಇಡ್ತಾರೆ. ನಿಮ್ಮನ್ನು ಇಲ್ಲಿಂದ ಎಬ್ಬಿಸ್ಲಿಕ್ಕೆ ಬಿಡುದಿಲ್ಲ. ಈಗ ಉಣ್ಣಿ. ಮಕ್ಕಳಿಗೆ ಹಸಿವಾಗಿದೆ."

ಅಪ್ಪ ಮೂಗು ಒರೆಸಿಕೊಂಡರು. ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಪಾಟ್ಟಿ ಊದುಬತ್ತಿ ಸರಿ ಮಾಡುವವಳಂತೆ ಎಲೆಯ ಮೇಲೆ ಬಗ್ಗಿ, ತಕ್ಷಣ ಎದ್ದು, ಬೆರಳನ್ನು ಸೀರೆಗೆ ಒರೆಸಿಕೊಂಡಳು. ಅವಳ ಪಕ್ಕದಲ್ಲೇ ಇದ್ದ ನನ್ನ ಮೂಗಿಗೆ ಒಣಮೀನಿನ ವಾಸನೆ ಘಮ್ಮೆಂದು ಬಡಿಯಿತು.

ಮರದಿಂದ ಒಂದು ಮುದಿ ಕಾಗೆ ಇಳಿಯಿತು. ಎಲೆಯ ಸುತ್ತ ಕುಪ್ಪಳಿಸಿತು. ದೊಡ್ಡ ವಡೆಯೊಂದನ್ನು, ಅದರ ಕೆಳಗೆ ಏನಿತ್ತೋ ಅದರ ಸಮೇತ, ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿ ಶೇಖರನ್‌ನ ಕಾರಿನ ಮೇಲೆ ಕೂತು ತಿಂದಿತು. ಅವನು ಷೂ ಬಿಚ್ಚಿ ಕರುಪ್ಪಯ್ಯನಿಗೆ ನಮಸ್ಕಾರ ಮಾಡಿದ. ಆಮೇಲೆ ಎರಡು ಲೋಟ ಪಾಯಸ ಕುಡಿದ. ಪಾಟ್ಟಿ ಅಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ಬಿಡಿ ಪಾಟ್ಟಿ, ಇನ್ನೊಮ್ಮೆ ಮೀಯ್ಬೇಕಾಗ್ತದೆ," ಎಂದು ಅಮ್ಮನೂ ಅತ್ತಳು.

ದಿಬ್ಬ ಉಳಿಯಿತು. ರಸ್ತೆ ಸುತ್ತಿ ಬಳಸಿ ಹೋಯಿತು. ಮುಂದೆ ಪ್ರತಿ ವರ್ಷವೂ ಅಮ್ಮ ಎಡೆ ಇಟ್ಟಳು. ಎಲೆ ಬಡಿಸಿ ಮುಗಿದ ಮೇಲೆ ಅವಳು ಬೆನ್ನು ತಿರುಗಿಸಿ, ತೋಟದ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ "ಪಾಟ್ಟಿ, ಇನ್ನು ತಿರುಗ್ಲಾ?" ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. "ಈಗ ತಿರುಗಿ," ಎನ್ನುತ್ತಿದ್ದಳು ಪಾಟ್ಟಿ. ಆ ಬಗ್ಗೆ ಇಬ್ಬರೂ ಎಂದೂ ಒಂದು ಮಾತು ಆಡಿದವರಲ್ಲ.

ಪಾಟ್ಟಿ ಈಗ ಇಳಿಜಾರಿನ ತುದಿಯಲ್ಲಿ ಗಂಡನ ಪಕ್ಕ ಇದ್ದಾಳೆ. ತೋಟ ಹೋಯಿತು, ರಂಬುಟಾನ್ ಮರವೂ ಹೋಯಿತು. ಲಿಮ್ ಅಂಕಲ್ ಮಕ್ಕಳ ಜೊತೆ ಪೆನಾಂಗಿಗೆ ಹೋದರು. ದಿಬ್ಬಕ್ಕೆ ಬೇಲಿ ಬಂದಿದೆ. ದೀಪಾವಳಿಯ ಹಿಂದಿನ ಭಾನುವಾರ ಅಲ್ಲಿಗೆ ಬರುವವರನ್ನು ಈಗ ಒಂದೇ ಚಾಪೆಯ ಮೇಲೆ ಕೂರಿಸಬಹುದು. ವಾರಗಿತ್ತಿಯರ ಗೋರಿ ಯಾವುದೆಂದು ನನಗೇ ಖಚಿತವಿಲ್ಲ. ಗುಡಿಸುತ್ತಾ ಚಾಡಿ ಹೇಳುವವರು ಇಲ್ಲದ ಮೇಲೆ ಎಲ್ಲ ಗೋರಿಗಳೂ ಒಂದೇ ಥರ ಕಾಣುತ್ತವೆ.

ಅಮ್ಮ ಹೋದ ವರ್ಷ ತೀರಿಕೊಂಡಳು. ಅವಳನ್ನು ದಹನ ಮಾಡಿ ಅಸ್ಥಿಯನ್ನು ಪೋರ್ಟ್ ಡಿಕ್ಸನ್ ಸಮುದ್ರದಲ್ಲಿ ಬಿಟ್ಟೆವು. ಮುಟ್ಟಲು ಒಂದು ಕಲ್ಲೂ ಇಲ್ಲ. ನಾನಿರುವುದು ಮಾಂಟ್ ಕಿಯಾರಾದ ಎತ್ತರದ ಮಹಡಿಯಲ್ಲಿ. ಅಲ್ಲಿಗೆ ಕಾಗೆ ಬರುವುದಿಲ್ಲ. ಬಂದರೂ ಬಾಲ್ಕನಿಯಲ್ಲಿ ಅನ್ನ ಇಡಲು ಸೆಕ್ಯುರಿಟಿಯವರು ಬಿಡುವುದಿಲ್ಲ. ಹಾಗಾಗಿ ಈ ಸಲ ದೀಪಾವಳಿಗೆ ಮೊದಲು ಅಪ್ಪನನ್ನೂ ಮಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ನಿಲಾಯ್‌ಗೆ ಹೋದೆ. ಅದಿತಿ ಮೆಲ್ಬರ್ನಿನಿಂದ ಫೋನಿನಲ್ಲಿ ನೋಡುತ್ತಿದ್ದಳು.

"ಹೂ ಈಸ್ ದಿಸ್ ಗೈ?" ಎಂದು ಮಗ ಕೇಳಿದ.

"ನಿನ್ನ ಮುತ್ತಜ್ಜ. ಹುಲಿ ಓಡಿಸಿಕೊಂಡು ಬಂತು, ಮರದಡಿ ನಿಂತ, ಡುರಿಯನ್ ಬಿತ್ತು, ಜ್ವರ ಬಂತು."

ಮಕ್ಕಳ ಸಾಲಿಗೆ ಪಾಯಸ ಇಟ್ಟೆ. ಕಲ್ಲಿನ ಮುಂದೆ ಎರಡು ಎಲೆ ಹಾಸಿದೆ, ಒಂದು ಕರುಪ್ಪಯ್ಯನಿಗೆ, ಒಂದು ಅಮ್ಮನಿಗೆ. ಎರಡಕ್ಕೂ ವಡೆ, ಪಾಯಸ, ಹಾಗಲಕಾಯಿ ಪಲ್ಯ. ಆಮೇಲೆ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಣಮೀನು ತೆಗೆದೆ. ಜೀವಮಾನದಲ್ಲಿ ಮೊದಲ ಸಲ ಮೀನು ಮುಟ್ಟುತ್ತಿದ್ದೆ.

"ಅಮ್ಮ, ಸ್ವಲ್ಪ ಆಚೆ ನೋಡು," ಎಂದು ಹೇಳಿ ಅದನ್ನು ಕರುಪ್ಪಯ್ಯನ ವಡೆಯ ಕೆಳಗೆ ಇಟ್ಟೆ.

ಅಪ್ಪ ನಡುಗುವ ದನಿಯಲ್ಲಿ "ಕಾ... ಕಾ..." ಎಂದು ಕರೆದರು. ಬೇಲಿಯಿಂದ ಒಂದು ಕಾಗೆ ಇಳಿದು ಬಂತು. ಅಮ್ಮನ ಎಲೆಯ ಪಕ್ಕದಲ್ಲೇ ಕೂತಿತು, ಆದರೆ ಅದಕ್ಕೆ ಬಾಯಿ ಹಾಕಲಿಲ್ಲ. ಕುಪ್ಪಳಿಸಿಕೊಂಡು ಆಚೆ ಹೋಗಿ ಕರುಪ್ಪಯ್ಯನ ಎಲೆಯಿಂದ ವಡೆ ತಿಂದಿತು, ಮೀನು ತಿಂದಿತು, ಪಾಯಸಕ್ಕೂ ಕೊಕ್ಕು ಅದ್ದಿತು. ನಾವು ಮೂವರೂ ನೋಡುತ್ತಾ ನಿಂತೆವು.

"ಇನ್ನು ತಿರುಗು ಅಮ್ಮ," ಎಂದೆ. ಕಾಗೆ ಕುಪ್ಪಳಿಸಿ ಅಮ್ಮನ ಎಲೆಗೆ ಬಂತು.

ಮಾವನ ಊಟ ಮುಗಿದ ಮೇಲೆ ಅಮ್ಮ ಉಂಡಳು.